ಅಂಕಿತ ಕಿತ್ತು ಹಾಡುವವರು

‘ಓಪನ್ ಸೋರ್ಸ್ ತಾನೆ, ತಗೊಂಡು ಹಾಕ್ಕೊಳ್ಳಿ, ಯಾರು ಕೇಳ್ತಾರೆ?’ ಕನ್ನಡದಲ್ಲಿ ತಂತ್ರಾಂಶ ಮಾಡುವವರ ನಡುವೆ ಈ ಮಾತು ಗಾದೆಯಷ್ಟು ಸಲೀಸಾಗಿ ಓಡಾಡುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಅಡ್ಡ ಬರಲು ಸಂಬಳದ ವಕೀಲರಿರುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಿಘಂಟಿನ ಆ್ಯಪನ್ನೋ ಶಾಲೆ ಮಕ್ಕಳ ಓದಿನ ಆ್ಯಪನ್ನೋ ಕಟ್ಟುವವರಿಗೆ ಅಡ್ಡ ಬರುವವರು ಯಾರೂ ಇಲ್ಲ. ಅವರ ಪಾಲಿಗಿರುವುದು ಈ ಮಾತೊಂದೇ, ಹಿರಿಯರ ಆಶೀರ್ವಾದದ ಹಾಗೆ. ಲೈಸೆನ್ಸ್ ಎನ್ನುವುದು ಕಂಪನಿಗಳ ತಕರಾರು, ಸೇವೆಯೆಂದು ಕನ್ನಡಕ್ಕೆ ಏನಾದರೂ ಮಾಡುವವರಿಗೆ ಅದರ ಹಂಗಿಲ್ಲ, ನಮ್ಮ ಕೆಲಸವೂ ಮುಕ್ತವೇ ಆದ್ದರಿಂದ ಇನ್ನೊಬ್ಬರ ಮುಕ್ತ ಕೆಲಸವನ್ನು ಅದರೊಳಗೆ ಹೇಗೆ ಬೇಕಾದರೂ ಸೇರಿಸಬಹುದು ಎಂಬುದು ಅದರ ಸಾರ. ಒಳ್ಳೆಯ ಮನಸ್ಸಿನವರೇ ಇದನ್ನು ಹೇಳುತ್ತಾರೆ. ಆದರೂ ಇದು ತಪ್ಪು. ಕಾನೂನಿನ ಲೆಕ್ಕದಲ್ಲೂ ತಪ್ಪು, ಸೇವೆಯ ಲೆಕ್ಕದಲ್ಲಂತೂ ಇನ್ನೂ ದೊಡ್ಡ ತಪ್ಪು.

ಮೊದಲು ಯಾವುದರ ಬಗ್ಗೆ ಜಗಳ ಎಂಬುದು ಸ್ಪಷ್ಟವಾಗಲಿ. ತಂತ್ರಾಂಶದವರ ಬಾಯಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಒಂದು ನಿರ್ದಿಷ್ಟ ಕೆಲಸವನ್ನು ಮಾಡಿಕೊಡಲು ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡು. ‘ಕೊಟ್ಟೂರು’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ಎಂಟು ಸಂಕೇತಗಳ ಸಾಲು. ಪರದೆಯ ಮೇಲೆ ಕಾಣುವುದು ಮೂರು ಅಕ್ಷರ. ನಡುವಿನ ಟಕಾರ ತಾನಾಗಿ ಕೆಳಗಿಳಿದು ಒತ್ತಾಗುವುದಿಲ್ಲ. ಯಾವ ಸಂಕೇತಕ್ಕೆ ಯಾವ ಆಕಾರ, ಯಾವ ಜಾಗ ಎಂದು ಹಾರ್ಫ್‌ಬಝ್ ಎಂಬ ಲೈಬ್ರರಿ ಗೊತ್ತುಮಾಡುತ್ತದೆ, ಫ್ರೀಟೈಪ್ ಆ ಆಕಾರವನ್ನು ಚುಕ್ಕಿಗಳಾಗಿಸಿ ಬಿಡಿಸುತ್ತದೆ, ಪದಗಳನ್ನು ಅಕಾರಾದಿಯಾಗಿ ಜೋಡಿಸಬೇಕಾದರೆ ಐಸಿಯು ನೆರವಿಗೆ ಬರುತ್ತದೆ, ಅಕ್ಷರದ ರೂಪವೇ ನೋಟೊ ಸಾನ್ಸ್ ಕನ್ನಡ ಎಂಬ ಫಾಂಟಿನದು. ಹಾರ್ಫ್‌ಬಝ್‌ಗೆ ಹಳೆಯ ಎಂಐಟಿ ಮಾದರಿಯ ಲೈಸೆನ್ಸ್, ಫ್ರೀಟೈಪ್‌ಗೆ ಅದರದೇ ಲೈಸೆನ್ಸ್ ಇಲ್ಲವೇ ಜಿಪಿಎಲ್ 2, ಐಸಿಯುಗೆ ಯೂನಿಕೋಡ್ ಸಂಸ್ಥೆಯದು, ನೋಟೊಗೆ ಫಾಂಟುಗಳಿಗೆಂದೇ ಬರೆದ ಓಎಫ್‌ಎಲ್. ಒಂದು ಊರಿನ ಹೆಸರು ಮೂಡುವಷ್ಟರಲ್ಲಿ ನಾಲ್ಕು ಕರಾರು. ಆ್ಯಪ್ ಬರೆಯುವವರು ಇವುಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದು, ಬಳಸುವವರ ಯಂತ್ರವೇ ಮೂಲದಿಂದ ಇಳಿಸಿಕೊಳ್ಳುವಂತೆ ಮಾಡಿದರೆ ಅವರು ಏನನ್ನೂ ಹಂಚಿದಂತಾಗುವುದಿಲ್ಲ. ಫೋನಿನಲ್ಲಿ ಮೊದಲೇ ಇದ್ದುದನ್ನು ಬಳಸಿಕೊಂಡರೂ ಅಷ್ಟೆ. ಆದರೆ ಎಪಿಕೆ ಕಡತದೊಳಗೆ, ಎಕ್ಸ್‌ಇ ಒಳಗೆ, ತಮ್ಮದೇ ಕೋಡಿನ ಫೋಲ್ಡರಿನೊಳಗೆ ಇವನ್ನು ತುಂಬಿ ಕೊಟ್ಟ ಗಳಿಗೆಯಲ್ಲಿ ಅವರು ಪರರ ಕೃತಿಯ ಪ್ರತಿಗಳನ್ನು ಹಂಚುವವರಾಗುತ್ತಾರೆ. ಮುಕ್ತ ಲೈಸೆನ್ಸುಗಳಲ್ಲಿ ಬಹುಪಾಲು ಬಳಸುವವರನ್ನು ಏನೂ ಕೇಳುವುದಿಲ್ಲ. ಅವು ಬಾಯಿ ತೆರೆಯುವುದೇ ಹಂಚುವಾಗ.

ಬಾಯಿ ತೆರೆದರೆ ಕಿವಿಗೊಡಬೇಕಾದದ್ದು ಯಾಕೆ? ಇಲ್ಲಿ ಪ್ರಚಲಿತ ಮಾತು ಕಾನೂನನ್ನು ಪೂರ್ತಿ ತಲೆಕೆಳಗಾಗಿ ಓದುತ್ತದೆ. ಕೋಡು ಮೊದಲು ಎಲ್ಲರದೂ ಆಗಿತ್ತು, ಆಮೇಲೆ ಲೈಸೆನ್ಸ್ ಬಂದು ಬೇಲಿ ಹಾಕಿತು ಎಂದು ಅದು ಭಾವಿಸುತ್ತದೆ. ಇರುವುದು ಇದರ ವಿರುದ್ಧ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 2ನೇ ಕಲಮಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ, ಕಾದಂಬರಿಯ ಸಾಲಿಗೇ ಸೇರಿದ್ದು. ನೋಂದಣಿ ಬೇಕಿಲ್ಲ, ಮುದ್ರೆ ಬೇಕಿಲ್ಲ. ಬರೆದು ಮುಗಿಸಿದ ಕ್ಷಣದಿಂದ ಪ್ರತಿ ಮಾಡುವ, ಹಂಚುವ, ಮಾರ್ಪಡಿಸುವ ಹಕ್ಕು 14ನೇ ಕಲಮಿನಂತೆ ಕರ್ತೃವಿನದು, ಆತ ತೀರಿಕೊಂಡ ಮೇಲೂ 60 ವರ್ಷ. 52ನೇ ಕಲಂ ಕೆಲವು ವಿನಾಯಿತಿ ಕೊಟ್ಟಿದೆ ನಿಜ: ಸಂಗ್ರಹಕ್ಕೆಂದು ಒಂದು ಪ್ರತಿ ಇಟ್ಟುಕೊಳ್ಳಬಹುದು, ಪ್ರೋಗ್ರಾಂ ಹೇಗೆ ನಡೆಯುತ್ತದೆಂದು ಪರಿಶೀಲಿಸಬಹುದು, ಸ್ವಂತಕ್ಕೆ ಲಾಭದ ಉದ್ದೇಶವಿಲ್ಲದೆ ಪ್ರತಿ ಮಾಡಿಕೊಳ್ಳಬಹುದು. ಊರಿಗೆಲ್ಲ ಹಂಚುವುದು ಆ ಪಟ್ಟಿಯಲ್ಲಿಲ್ಲ. ಅಂದರೆ ಬೇಲಿ ಮೊದಲಿನಿಂದಲೇ ಇತ್ತು, ಲೈಸೆನ್ಸ್ ಅದರಲ್ಲಿ ಮಾಡಿದ ದಾರಿ. ಬಂದು ಹೋಗು, ಬೇಕಾದ್ದು ಒಯ್ಯಿ, ಹೀಗೆ ಮಾತ್ರ ನಡೆದುಕೋ ಎಂದು ಕರ್ತೃ ಹೇಳಿದ್ದು ಅಷ್ಟೇ. ಲೈಸೆನ್ಸೇ ಇಲ್ಲದೆ ಯಾರೋ ಬಹಿರಂಗವಾಗಿ ಇಟ್ಟ ಕೋಡು ಎಲ್ಲಕ್ಕಿಂತ ಮುಕ್ತ ಎಂದುಕೊಳ್ಳುವವರಿದ್ದಾರಲ್ಲ, ಅವರದು ಬೇಲಿಯನ್ನೇ ದಾರಿ ಎಂದು ತಿಳಿದ ಸ್ಥಿತಿ. ನೋಡಲು ಬಿಟ್ಟಿದ್ದಾರೆ, ಒಯ್ಯಲು ಬಿಟ್ಟಿಲ್ಲ.

ಕಾನೂನು ಬಲ್ಲ ಕೆಲವರು ಇಲ್ಲಿ ಜಾಣ ಆಕ್ಷೇಪ ಎತ್ತುತ್ತಾರೆ, ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಭಾರತದ ಕಾಯ್ದೆಯ 30ನೇ ಕಲಮಿನಂತೆ ಲೈಸೆನ್ಸ್ ಬರವಣಿಗೆಯಲ್ಲಿರಬೇಕು. 2012ರ ತಿದ್ದುಪಡಿಯವರೆಗೆ ಅದಕ್ಕೆ ಕರ್ತೃವಿನ ಸಹಿಯೂ ಬೇಕಿತ್ತು. 30ಎ ಕಲಂ 19ನೇ ಕಲಮಿನ ನಿಯಮಗಳನ್ನು ಲೈಸೆನ್ಸಿಗೂ ಅನ್ವಯಿಸುತ್ತದೆ. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಆ ಕಲಂ ಊಹಿಸಿಕೊಳ್ಳುತ್ತದೆ. ಅಪಾಚೆ ಲೈಸೆನ್ಸ್ ತಾನು ಶಾಶ್ವತ, ಜಗತ್ತಿಗೆಲ್ಲ ಅನ್ವಯ ಎಂದು ಬಾಯಿಬಿಟ್ಟು ಹೇಳಿದೆ. ಮೂರು ಪ್ಯಾರಾದ ಎಂಐಟಿ ಲೈಸೆನ್ಸ್ ಹೇಳಿಲ್ಲ. ಹಾಗಾದರೆ ಈ ಲೈಸೆನ್ಸುಗಳು ನಮ್ಮ ನೆಲದಲ್ಲಿ ಅಲುಗಾಡುವ ಕಂಬಗಳು, ಅವಕ್ಕೇಕೆ ಬೆಲೆ ಕೊಡಬೇಕು ಎಂಬುದು ಆಕ್ಷೇಪ. ಇದನ್ನು ಕೊನೆಯವರೆಗೆ ಒಯ್ದು ನೋಡಿ. ಲೈಸೆನ್ಸ್ ಬಿದ್ದರೆ ಬೀಳುವುದು ಷರತ್ತು ಮಾತ್ರವಲ್ಲ, ಅನುಮತಿಯೂ ಅದರೊಂದಿಗೇ ಬೀಳುತ್ತದೆ. ಕೂತ ಕೊಂಬೆಯನ್ನೇ ಕಡಿಯುವ ವಾದ ಇದು. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯದಲ್ಲಿ ಲಿನಕ್ಸ್ ಕರ್ನಲ್‌ನ ಜಾಲರಕ್ಷಣೆಯ ಕೋಡು ಬರೆದವರಲ್ಲೊಬ್ಬನಾದ ಹರಾಲ್ಡ್ ವೆಲ್ಟೆ ಸೈಟ್‌ಕಾಮ್ ಕಂಪನಿಯ ವಿರುದ್ಧ ತಡೆಯಾಜ್ಞೆ ಪಡೆದದ್ದು ಈ ತರ್ಕದಿಂದಲೇ: ಷರತ್ತು ಪಾಲಿಸಿದರೆ ಹಂಚಬಹುದು, ಇಲ್ಲದಿದ್ದರೆ ಹಂಚುವ ಹಕ್ಕೇ ಇಲ್ಲ. ಅಮೆರಿಕದ ಜೇಕಬ್‌ಸನ್-ಕಾಟ್ಜರ್ ಮೊಕದ್ದಮೆ ಇನ್ನೂ ನಮಗೆ ಹತ್ತಿರದ್ದು. ಆಟಿಕೆ ರೈಲು ಓಡಿಸುವ ಹವ್ಯಾಸಿಗಳು ಸೇರಿ ಬರೆದು ಪುಕ್ಕಟೆ ಹಂಚಿದ ಕೋಡನ್ನು ಒಬ್ಬ ವ್ಯಾಪಾರಿ ಹೆಸರು, ಷರತ್ತು ಎಲ್ಲ ಬಿಟ್ಟು ತನ್ನ ಸರಕಿಗೆ ಸೇರಿಸಿದ್ದ. ಪುಕ್ಕಟೆ ಕೊಟ್ಟವರಿಗೆ ನಷ್ಟವೇನು ಎಂಬ ಪ್ರಶ್ನೆ ಬಂದಾಗ, ಹಣ ಪಡೆಯದಿದ್ದರೂ ಹೆಸರು ಉಳಿಸುವುದು, ಬದಲಾವಣೆ ತಿಳಿಸುವುದು ಮುಂತಾದ ಷರತ್ತುಗಳಿಗೆ ಆರ್ಥಿಕ ಬೆಲೆಯಿದೆ, ಅವನ್ನು ಮುರಿಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಲ್ಲದು ಎಂದು 2008ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಪಕ್ಷಗಾರರು ಬಹುರಾಷ್ಟ್ರೀಯ ಕಂಪನಿಗಳಾಗಿರಲಿಲ್ಲ ಎಂಬುದನ್ನು ‘ನಾವು ಸಣ್ಣವರು’ ಎನ್ನುವವರು ಗಮನಿಸಬೇಕು.

‘ನಮ್ಮದೂ ಓಪನ್ ಸೋರ್ಸೇ’ ಎಂಬ ಸಮಾಧಾನಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಇದು. ಮುಕ್ತ ಎಂಬುದು ಒಂದು ಜಾತಿಯಲ್ಲ, ನೂರಕ್ಕೂ ಹೆಚ್ಚು ಬೇರೆ ಬೇರೆ ಕರಾರುಗಳ ಸಂತೆ. ಕೆಲವು ಒಂದೇ ನೊಗಕ್ಕೆ ಒಗ್ಗುತ್ತವೆ. ಕೆಲವು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಒಟ್ಟು ಕೃತಿಯನ್ನು ತನ್ನ ಷರತ್ತಿನಲ್ಲೇ ಹಂಚಬೇಕೆನ್ನುವ ಜಿಪಿಎಲ್‌ನ ಯೋಜನೆಯೊಳಗೆ ಎಂಐಟಿ ಲೈಬ್ರರಿಯನ್ನು ತರಬಹುದು, ಎಂಐಟಿಯ ಸೂಚನೆಯನ್ನು ಉಳಿಸಿಕೊಂಡು. ಅಪಾಚೆ 2.0 ಲೈಬ್ರರಿಯನ್ನು ಜಿಪಿಎಲ್ 3ರೊಂದಿಗೆ ಬೆರೆಸಬಹುದು. ‘ಜಿಪಿಎಲ್ 2 ಮಾತ್ರ’ ಎಂದು ಬರೆದುಕೊಂಡ ಯೋಜನೆಯೊಂದಿಗೆ ಬೆರೆಸಲಾಗದು, ಅಪಾಚೆಯಲ್ಲಿರುವ ಪೇಟೆಂಟಿನ ಷರತ್ತನ್ನು ಹಳೆಯ ಜಿಪಿಎಲ್ ಒಪ್ಪುವುದಿಲ್ಲ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದೇ ನಿಲುವು. ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ಲೈಬ್ರರಿ ಪೂರ್ಣ ಮುಕ್ತವಾಗಿಯೇ ಇತ್ತು, ಆದರೂ ಅದರ ಹಳೆಯ ಲೈಸೆನ್ಸಿನಲ್ಲಿದ್ದ ಜಾಹೀರಾತಿನ ಷರತ್ತು ಜಿಪಿಎಲ್‌ಗೆ ಹೊಂದದೆ ಎಷ್ಟೋ ಯೋಜನೆಗಳು ವಿಶೇಷ ವಿನಾಯಿತಿಯ ಸಾಲು ಬರೆದುಕೊಳ್ಳಬೇಕಾಯಿತು, 2021ರಲ್ಲಿ 3.0 ಆವೃತ್ತಿ ಅಪಾಚೆಗೆ ಬದಲಾದ ಮೇಲೆ ಆ ತೊಡಕು ಸಡಿಲಿತು. ಕನ್ನಡದ ಉದಾಹರಣೆಯೇ ಬೇಕೆಂದರೆ ಇಸ್ಪೀಕ್ ಎನ್‌ಜಿ ಇದೆ. ಕನ್ನಡ ಪಠ್ಯವನ್ನು ಓದಿ ಹೇಳುವ, ಕಣ್ಣು ಕಾಣದವರಿಗೆ ಬಹಳ ಉಪಯೋಗವಾಗುವ ಈ ತಂತ್ರಾಂಶಕ್ಕೆ ಜಿಪಿಎಲ್ 3ರ ಲೈಸೆನ್ಸ್. ಶಾಲೆಯ ಓದಿನ ಆ್ಯಪಿನೊಳಗೆ ಅದನ್ನು ಹೆಣೆದು, ಹೊರಗೆ ‘ಈ ಆ್ಯಪ್ ಎಂಐಟಿ ಲೈಸೆನ್ಸಿನದು’ ಎಂದು ಹಲಗೆ ತೂಗಿದರೆ ಆ ಹಲಗೆ ಸುಳ್ಳು. ಆ್ಯಪನ್ನು ಒಟ್ಟಾಗಿ ಜಿಪಿಎಲ್ 3ರಂತೆ ಹಂಚಬೇಕು, ಪಡೆದವರಿಗೆ ಸೋರ್ಸ್ ಕೋಡು ಸಿಗುವಂತೆ ಮಾಡಬೇಕು. ಹಲಗೆ ನಂಬಿ ಅದನ್ನು ತನ್ನ ಮುಚ್ಚಿದ ಆ್ಯಪಿಗೆ ಸೇರಿಸಿಕೊಂಡ ಮೂರನೆಯವನು ಬಲೆಗೆ ಬೀಳುತ್ತಾನೆ, ಬಲೆ ಬೀಸಿದವರು ಸೇವಾಭಾವದವರು.

ತಮ್ಮ ಯೋಜನೆಯ ಬುಡದಲ್ಲಿ ಒಂದು ಲೈಸೆನ್ಸ್ ಕಡತ ಇಟ್ಟರೆ ಒಳಗಿರುವುದೆಲ್ಲ ಅದರ ಅಡಿ ಬಂತು ಎಂದು ತಿಳಿಯುವುದು ಇದೇ ಭ್ರಮೆಯ ಇನ್ನೊಂದು ರೂಪ. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಕೂಡ್ಲಿಗಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಮೂರು ಸಲ ಬದಲಾಯಿತೆಂದು ಯಾರ ಹೊಲದ ಪಹಣಿಯಲ್ಲೂ ಮಾಲೀಕರ ಹೆಸರು ಬದಲಾಗಲಿಲ್ಲ. ಲೈಬ್ರರಿ ಒಂದು ಯೋಜನೆಯಿಂದ ಇನ್ನೊಂದಕ್ಕೆ ಹೋದಾಗಲೂ ಹಾಗೆಯೇ. ಹೊಸ ಲೈಸೆನ್ಸ್ ಹಾಕುವ ಅಧಿಕಾರ ಬರೆದವರದು ಮಾತ್ರ, ಸಾಗಿಸಿದವರದಲ್ಲ. ಆ ಅಧಿಕಾರ ಎಷ್ಟು ಬಿಗಿಯಾದದ್ದು ಎಂಬುದು ವಿಎಲ್‌ಸಿ ಪ್ಲೇಯರಿನ ಕಥೆಯಲ್ಲಿ ಕಂಡಿತು. ಜಿಪಿಎಲ್‌ನಲ್ಲಿದ್ದ ಅದನ್ನು ಆ್ಯಪಲ್‌ನ ಆ್ಯಪ್ ಸ್ಟೋರಿನಲ್ಲಿ ಇಟ್ಟಾಗ, ಸ್ಟೋರಿನ ನಿಯಮಗಳು ಬಳಸುವವರ ಮೇಲೆ ಜಿಪಿಎಲ್ ಒಪ್ಪದ ನಿರ್ಬಂಧ ಹೇರುತ್ತವೆ ಎಂದು ಅದರದೇ ಲೇಖಕರಲ್ಲೊಬ್ಬ ಆಕ್ಷೇಪಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಪರಿಸ್ಥಿತಿ. 2011ರ ಜನವರಿಯಲ್ಲಿ ಆ್ಯಪ್ ಅಲ್ಲಿಂದ ಇಳಿಯಿತು. ಲೈಸೆನ್ಸ್ ಸಡಿಲಿಸಲು ಆ ತಂಡ ವರ್ಷಗಳಲ್ಲಿ ಚದುರಿಹೋದ ಲೇಖಕರನ್ನು ಹುಡುಕಿ ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಅವರೂ ಸ್ವಯಂಸೇವಕರೇ, ‘ಯಾರು ಕೇಳ್ತಾರೆ’ ಎನ್ನಲಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಸಂಸ್ಕೃತಿಯ ಹೆಸರಿನಲ್ಲಿ ಬರುತ್ತದೆ. ಜ್ಞಾನಕ್ಕೆ ಒಡೆಯನಿಲ್ಲ, ನಮ್ಮ ಪದಗಳು ವಚನಗಳು ಯಾರ ಅಪ್ಪಣೆಯೂ ಇಲ್ಲದೆ ಬಾಯಿಂದ ಬಾಯಿಗೆ ಹರಿದವು, ಕೃತಿಸ್ವಾಮ್ಯ ಎಂಬುದೇ ಹೊರಗಿನ ರೋಗ ಎಂದು. ಕೇಳಲು ಹಿತ. ಆದರೆ ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನ ಹಾಡುಗಳನ್ನು ನೋಡಿ. ಮನೆಮನೆಯ ಹೆಂಗಸರು ಅವನ್ನು ಕಲಿತು, ಬರೆದುಕೊಂಡು, ರಾಗ ಬದಲಿಸಿ, ನುಡಿ ಬಿಟ್ಟು, ನುಡಿ ಸೇರಿಸಿ ಹಾಡಿರಬಹುದು. ದಾಸರ ಪದಗಳಿಗೆಲ್ಲ ಆಗುವುದು ಇದೇ. ಕೊನೆಯ ನುಡಿಯ ‘ಭೀಮೇಶಕೃಷ್ಣ’ ಎಂಬ ಅಂಕಿತವನ್ನು ಕಿತ್ತು ತನ್ನ ಮನೆದೇವರ ಹೆಸರು ಜೋಡಿಸುವುದನ್ನು ಮಾತ್ರ ಪರಂಪರೆ ಮೆಚ್ಚಲಿಲ್ಲ. ಅಂಕಿತ ಕವಿಯ ಸ್ವಂತ ಹೆಸರಲ್ಲ, ದೈವದ್ದು, ಒಪ್ಪಿದೆ. ಆದರೂ ಯಾರ ಹಾಡು ಎಂಬುದು ತಿಳಿಯುತ್ತಿದ್ದುದು ಅದರಿಂದಲೇ. ವಚನಗಳ ರಾಶಿಯಲ್ಲಿ ಯಾವುದು ಯಾರದು ಎಂದು ವಿದ್ವಾಂಸರು ಬಿಡಿಸಿದ್ದೂ ಮುಖ್ಯವಾಗಿ ಅಂಕಿತ ಹಿಡಿದೇ. ಅಪ್ಪಣೆ ಬೇಡ, ಹಣ ಬೇಡ, ಬದಲಿಸಿಕೊ, ಅಂಕಿತ ಮಾತ್ರ ಬಿಡಬೇಡ. ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳು ಕೇಳುವುದು ಅಕ್ಷರಶಃ ಇಷ್ಟನ್ನೇ: ಕೃತಿಸ್ವಾಮ್ಯದ ಸಾಲು, ಅನುಮತಿಯ ಪ್ಯಾರಾ ಪ್ರತಿಯೊಂದಿಗೆ ಇರಲಿ. ‘ಎಂಐಟಿಯಲ್ಲಿ ಏನೂ ಷರತ್ತಿಲ್ಲ’ ಎಂದು ಎಲ್ಲರೂ ಹೇಳುವುದು, ಇರುವ ಒಂದೇ ಷರತ್ತನ್ನು ಹೆಚ್ಚಿನವರು ಮುರಿಯುವುದು, ಇದು ಈ ಕಾಲದ ವಿಚಿತ್ರ. ಜಾವಾಸ್ಕ್ರಿಪ್ಟನ್ನು ಒತ್ತಿ ಸಣ್ಣದು ಮಾಡುವ ಉಪಕರಣಗಳು ಟಿಪ್ಪಣಿಗಳನ್ನೆಲ್ಲ ಅಳಿಸುತ್ತವೆ. ಉಳಿಸಬೇಕಾದ ಟಿಪ್ಪಣಿಯ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕುವ ವಾಡಿಕೆ ಹುಟ್ಟಿದ್ದೇ ಅಂಕಿತ ಉಳಿಯಲಿ ಎಂದು. ಅದನ್ನೂ ಅಳಿಸುವಂತೆ ಉಪಕರಣವನ್ನು ಹೊಂದಿಸಿಕೊಳ್ಳುವವರಿದ್ದಾರೆ. ನಮ್ಮ ಕಾಯ್ದೆ ಈ ಅಂಕಿತವನ್ನು ಬಲ್ಲದು: 57ನೇ ಕಲಂ ಕರ್ತೃ ಎನಿಸಿಕೊಳ್ಳುವ ಹಕ್ಕನ್ನು, ಕೃತಿಸ್ವಾಮ್ಯ ಮಾರಿದ ಮೇಲೂ, ಬರೆದವರಿಗೇ ಉಳಿಸಿದೆ, 2012ರಲ್ಲಿ ಸೇರಿದ 65ಬಿ ಕಲಂ, ಕೃತಿಯೊಂದಿಗಿರುವ ಕರ್ತೃವಿನ ಹೆಸರು, ಬಳಕೆಯ ಷರತ್ತು ಮುಂತಾದ ಮಾಹಿತಿಯನ್ನು ಅಧಿಕಾರವಿಲ್ಲದೆ ತಿಳಿದೂ ತಿಳಿದೂ ಕೀಳುವುದಕ್ಕೆ ಎರಡು ವರ್ಷದವರೆಗೆ ಸೆರೆ ಇಟ್ಟಿದೆ. ಜಾನಪದಕ್ಕೆ ಅಂಕಿತವಿಲ್ಲವಲ್ಲ ಎನ್ನಬಹುದು. ಇಲ್ಲ, ಏಕೆಂದರೆ ಅಲ್ಲಿ ಯಾರು ಕಟ್ಟಿದರೆಂದು ಕಟ್ಟಿದವರ ಮರಿಮಕ್ಕಳಿಗೂ ತಿಳಿಯದು. ಲೈಬ್ರರಿಯಲ್ಲಾದರೋ ಯಾವ ಸಾಲನ್ನು ಯಾರು ಯಾವ ದಿನ ಎಷ್ಟು ಗಂಟೆಗೆ ಬರೆದರು ಎಂಬುದು ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ದಾಖಲಾಗಿರುತ್ತದೆ. ಹೆಸರು ಗೊತ್ತಿದ್ದೂ ಅದನ್ನು ಅನಾಮಿಕ ಮಾಡುವುದು ಜಾನಪದವಲ್ಲ.

ಹೆಸರಿನ ಬೆಲೆ ಈ ಸೀಮೆಗೆ ಹೊಸದಾಗಿ ಹೇಳಿಕೊಡಬೇಕಾದದ್ದೂ ಅಲ್ಲ. ಹಡಗಲಿ ಮಲ್ಲಿಗೆಗೆ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಗುರುತು ಸಿಕ್ಕಿದೆ. ಮಲ್ಲಿಗೆಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬೆಳೆಯಬಹುದು. ಬೇರೆ ಕಡೆ ಬೆಳೆದುದನ್ನು ಹಡಗಲಿ ಮಲ್ಲಿಗೆ ಎಂದು ಮಾರುವಂತಿಲ್ಲ. ಫಾಂಟುಗಳ ಓಎಫ್‌ಎಲ್ ಲೈಸೆನ್ಸಿನಲ್ಲಿ ಹೆಚ್ಚುಕಡಿಮೆ ಇದೇ ಏರ್ಪಾಡಿದೆ. ಕಾಯ್ದಿರಿಸಿದ ಹೆಸರು ಎಂದು ಅದನ್ನು ಕರೆಯುತ್ತಾರೆ. ಫಾಂಟನ್ನು ಬಳಸು, ಬದಲಿಸು, ನಿನ್ನ ತಂತ್ರಾಂಶದ ಜೊತೆ ಕಟ್ಟಿ ಮಾರಿದರೂ ಸರಿ; ಬದಲಿಸಿದ್ದನ್ನು ಮೂಲದವರು ಕಾಯ್ದಿರಿಸಿದ ಹೆಸರಿನಲ್ಲಿ ಹೊರಬಿಡಬೇಡ, ಬದಲಿಸಿದ್ದೂ ಓಎಫ್‌ಎಲ್‌ನಲ್ಲೇ ಇರಲಿ, ಫಾಂಟೊಂದನ್ನೇ ಬಿಡಿಯಾಗಿ ಮಾರಬೇಡ. ಒತ್ತಕ್ಷರದ ಜಾಗ ಸ್ವಲ್ಪ ತಿದ್ದಿ, ಹಳೆಯ ಹೆಸರಿನಲ್ಲೇ ಆ್ಯಪಿಗೆ ಸೇರಿಸಿ ಕಳಿಸುವವರು ಈ ಷರತ್ತನ್ನು ಓದಿರುವುದಿಲ್ಲ. ಆಮೇಲೆ ಆ ಫಾಂಟಿನಲ್ಲಿ ದೀರ್ಘ ಕೆಟ್ಟರೆ ಬೈಗುಳ ಹೋಗುವುದು ಮೂಲದವರಿಗೆ. ಡೆಬಿಯನ್ ಲಿನಕ್ಸಿನಲ್ಲಿ ಬಂದ ಮೊದಮೊದಲ ಮುಕ್ತ ಕನ್ನಡ ಫಾಂಟುಗಳ ಹೆಸರು ಮಲ್ಲಿಗೆ, ಕೇದಗೆ ಎಂಬುದು ಕಾಕತಾಳೀಯ. ಅವು ಜಿಪಿಎಲ್‌ನವು. ಜಿಪಿಎಲ್ ಫಾಂಟಿನಲ್ಲಿ ಬೇರೆಯದೇ ತೊಡಕು: ಅದನ್ನು ಪಿಡಿಎಫ್‌ನೊಳಗೆ ಹುದುಗಿಸಿದರೆ ಆ ಪಿಡಿಎಫ್ ಕೂಡ ಜಿಪಿಎಲ್ ಆಗುತ್ತದೆಯೇ ಎಂಬ ಪ್ರಶ್ನೆ. ಅದನ್ನು ತಪ್ಪಿಸಲು ‘ಫಾಂಟ್ ವಿನಾಯಿತಿ’ ಎಂಬ ಸಾಲೊಂದನ್ನು ಬರೆಯುತ್ತಾರೆ. ಲೋಹಿತ್ ಫಾಂಟುಗಳನ್ನು ರೆಡ್ ಹ್ಯಾಟ್ ಮೊದಲು ಜಿಪಿಎಲ್‌ನಲ್ಲಿ ಕೊಟ್ಟು ಆಮೇಲೆ ಓಎಫ್‌ಎಲ್‌ಗೆ ಬದಲಿಸಿತು. ಲೈಸೆನ್ಸಿನಲ್ಲಿ ಕೊರತೆ ಕಂಡಾಗ ಮಾಡಬೇಕಾದ್ದು ಇದು: ಹಕ್ಕುಳ್ಳವರು ಲೈಸೆನ್ಸ್ ಬದಲಿಸುವುದು, ಹಕ್ಕಿಲ್ಲದವರು ಕಣ್ಣು ಮುಚ್ಚಿಕೊಳ್ಳುವುದಲ್ಲ.

ಕನ್ನಡ ಗಣಕಲೋಕ ಬೆಳೆದದ್ದೇ ಕೊಡು-ಕೊಳ್ಳುವಿಕೆಯಿಂದ, ಷರತ್ತು ನೋಡುತ್ತ ಕೂತಿದ್ದರೆ ಏನೂ ಆಗುತ್ತಿರಲಿಲ್ಲ ಎಂಬ ಮಾತಿಗೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ಆ ಕಾಲದಲ್ಲಿ ಜನರಿಗೆ ಹಣವಿಲ್ಲದೆ ಸಿಕ್ಕವು. ತಾಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಕನ್ನಡ ಬೆರಳಚ್ಚು ಹಬ್ಬಿದ್ದು ಅವುಗಳಿಂದ, ಆ ಋಣ ದೊಡ್ಡದು. ಆದರೆ ಉಚಿತವಾಗಿದ್ದವೇ ಹೊರತು ಮುಕ್ತವಾಗಿರಲಿಲ್ಲ. ನುಡಿಯ ಆರಂಭದ ಆವೃತ್ತಿಗಳಲ್ಲಿ ತಮ್ಮ ಕೆಲಸವನ್ನು ಬಳಸಿಕೊಳ್ಳಲಾಗಿದೆ ಎಂದು ಬರಹದ ಕರ್ತೃ ಬಹಿರಂಗವಾಗಿ ಆಕ್ಷೇಪಿಸಿದ್ದು, ಅದರ ಸುತ್ತ ಬೆಳೆದ ವಾದವಿವಾದ ಕನ್ನಡಿಗರಿಗೆ ಗೊತ್ತಿರುವುದೇ. ಅಲ್ಲಿ ಯಾರು ಸರಿ ಎಂಬುದು ನನ್ನ ವಿಷಯವಲ್ಲ. ಯಾವುದನ್ನು ಯಾರು ಯಾವ ಷರತ್ತಿನ ಮೇಲೆ ಒಯ್ಯಬಹುದು ಎಂದು ಮೊದಲೇ ನಾಲ್ಕು ಸಾಲು ಬರೆದಿಟ್ಟ ಮುಕ್ತ ಲೈಸೆನ್ಸ್ ಇದ್ದಿದ್ದರೆ ಆ ಜಗಳಕ್ಕೆ ಹುಟ್ಟುವ ಜಾಗವೇ ಇರುತ್ತಿರಲಿಲ್ಲ ಎಂಬುದು ನನ್ನ ವಿಷಯ. ಇದಕ್ಕೆ ಎದುರಾಗಿ ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲಕ್ಕೆ ಬಂತು, ಓಡಿಬಿಎಲ್ ಎಂಬ ದತ್ತಾಂಶ ಲೈಸೆನ್ಸಿನೊಂದಿಗೆ. ಯಾರು ಬೇಕಾದರೂ ಆ ಪದಗಳನ್ನು ತಮ್ಮ ಆ್ಯಪಿಗೆ ತರಬಹುದು. ಮೂಲ ಹೇಳಬೇಕು, ಸೇರಿಸಿ ತಿದ್ದಿ ಹೊರಬಿಟ್ಟ ಪದಕೋಶವನ್ನು ಅದೇ ಷರತ್ತಿನಲ್ಲಿ ಇತರರಿಗೂ ಬಿಡಬೇಕು. ನಮ್ಮ ಹೊಲಗಳಲ್ಲಿ ಮುಯ್ಯಾಳು ಎನ್ನುವುದು ಇದನ್ನೇ: ನನ್ನ ಹೊಲಕ್ಕೆ ನೀನು ಬಂದೆ, ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಡುವೆ ಕೂಲಿಯ ಮಾತಿಲ್ಲ. ಕಿಟೆಲ್ಲರ 1894ರ ನಿಘಂಟು ಅವಧಿ ತೀರಿ ಎಲ್ಲರದಾಯಿತು. ಅಲರ್ ಎಲ್ಲರದಾದದ್ದು ಬದುಕಿದ್ದಾಗಲೇ ಒಬ್ಬರು ಮನಸ್ಸು ಮಾಡಿದ್ದರಿಂದ. ಅದರ ಪದಗಳನ್ನು ಕೆರೆದು, ಹೆಸರು ಹೇಳದೆ, ‘ನಮ್ಮ ನಿಘಂಟು’ ಎಂದು ಆ್ಯಪ್ ಬಿಡುವುದು ಯಾವ ಬಗೆಯ ಕನ್ನಡ ಸೇವೆಯೋ.

ಕೊನೆಗೆ ಉಳಿಯುವ ಆಕ್ಷೇಪ ಶ್ರಮದ್ದು, ಅದರಲ್ಲಿ ಸತ್ಯವಿದೆ. ಇಂದು ಸಣ್ಣ ಆ್ಯಪೊಂದಕ್ಕೆ ಹತ್ತು ಲೈಬ್ರರಿ ಬೇಕು, ಆ ಹತ್ತಕ್ಕೆ ಇನ್ನು ನೂರು ಬೇಕು, ಹನುಮಂತನ ಬಾಲ. ಒಂದೊಂದರ ಲೈಸೆನ್ಸ್ ಓದುತ್ತ ಕೂತರೆ ಆ್ಯಪ್ ಬರೆಯುವುದು ಯಾವಾಗ? ಲೈಸೆನ್ಸ್ ಬರೆಯುವವರ ಉತ್ಸಾಹವೂ ಅತಿಯಾಗಿದೆ, ಅಗತ್ಯಕ್ಕಿಂತ ಹತ್ತು ಪಟ್ಟು ಬಗೆಗಳಿವೆ. ಆದರೆ ವಾಸ್ತವದಲ್ಲಿ ಕಾಣಸಿಗುವ ಲೈಬ್ರರಿಗಳಲ್ಲಿ ಬಹುಪಾಲು ಎಂಐಟಿ, ಬಿಎಸ್‌ಡಿ, ಅಪಾಚೆ, ಎಲ್‌ಜಿಪಿಎಲ್, ಜಿಪಿಎಲ್ ಎಂಬ ಬೆರಳೆಣಿಕೆಯ ಹೆಸರುಗಳೊಳಗೇ ಬರುತ್ತವೆ. ಎಸ್‌ಪಿಡಿಎಕ್ಸ್ ಎಂಬ ಗುರುತಿನ ಪದ್ಧತಿ 2021ರಲ್ಲಿ ಐಎಸ್‌ಓ ಮಾನಕವೂ ಆಗಿದೆ. ಕಡತದ ತಲೆಯಲ್ಲಿ ಒಂದು ಸಾಲು ಸಾಕು, ಯಂತ್ರವೇ ಓದಿ ಪಟ್ಟಿ ಕೊಡುತ್ತದೆ. ಫ್ಲಟರ್ ಬಳಸಿ ಆ್ಯಪ್ ಕಟ್ಟಿದರೆ ಒಳಗಿನ ಲೈಬ್ರರಿಗಳ ಲೈಸೆನ್ಸುಗಳ ಪುಟ ತಾನಾಗಿಯೇ ಸಿದ್ಧವಾಗುತ್ತದೆ, ಅದನ್ನು ತೆರೆಯುವ ಗುಂಡಿಯೊಂದನ್ನು ಇಡಬೇಕು. ಆ ಗುಂಡಿ ಇಡದವರು ಶ್ರಮದ ಮಾತಾಡಬಾರದು. ಇನ್ನು, ಒಳಗೆ ಏನೇನಿದೆ ಎಂದು ತಿಳಿಯದಷ್ಟು ಲೈಬ್ರರಿ ತುಂಬಿದ್ದೇವೆ ಎನ್ನುವುದು ಲೈಸೆನ್ಸಿನ ವಿರುದ್ಧದ ವಾದವೇ ಅಲ್ಲ, ಅದು ತಪ್ಪೊಪ್ಪಿಗೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಭಾರಿ ಬಿರುಕು ಪತ್ತೆಯಾದಾಗ ಜಗತ್ತಿನ ಎಷ್ಟೋ ಸಂಸ್ಥೆಗಳಿಗೆ ಮೊದಲ ತಲೆನೋವು ದುರಸ್ತಿಯದಾಗಿರಲಿಲ್ಲ, ಅದು ತಮ್ಮಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದೇ ಆಗಿತ್ತು. ಲೈಸೆನ್ಸಿನ ಪಟ್ಟಿ ಇಟ್ಟುಕೊಂಡವರ ಬಳಿ ಲೈಬ್ರರಿಗಳ ಪಟ್ಟಿಯೂ ಇರುತ್ತದೆ. ಒಂದೇ ಕಾಗದ, ಎರಡು ಕೆಲಸ.

ಕೂಡ್ಲಿಗಿಯವನ ಮೇಲೆ ಯಾರು ಬಂದು ದಾವೆ ಹೂಡುತ್ತಾರೆ ಎಂಬ ಪ್ರಶ್ನೆಗೆ, ಬಹುಶಃ ಯಾರೂ ಇಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ದಾವೆಯ ಭಯ ನನ್ನ ವಾದದ ಬುನಾದಿಯೂ ಅಲ್ಲ. ನಷ್ಟ ಬೇರೆ ಕಡೆಯಿಂದ ಬರುತ್ತದೆ, ಸದ್ದಿಲ್ಲದೆ. ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜಿನೊಂದಿಗೆ ಯಾವ ಕಡತ ಯಾರದು, ಯಾವ ಲೈಸೆನ್ಸಿನದು ಎಂದು ಬರೆದ ದಾಖಲೆ ಇರಲೇಬೇಕು. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರ ಮುಕ್ತ ಲೈಸೆನ್ಸಿನ ಆ್ಯಪುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಒಳಗೆ ಯಾರದೋ ಗುರುತಿಲ್ಲದ ಲೈಬ್ರರಿ, ಎಲ್ಲಿಂದಲೋ ತಂದ ಫಾಂಟು ತುಂಬಿದ ಕನ್ನಡ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಆ ಬಾಗಿಲುಗಳಲ್ಲಿ ನಿಲ್ಲುತ್ತದೆ, ಬರೆದವರು ಬೇರೆ ಕೆಲಸ ಹಿಡಿದು ಹೋದ ಮೇಲೆ ಮುಂದುವರಿಸಲು ಇನ್ನೊಬ್ಬರು ಧೈರ್ಯ ಮಾಡುವುದಿಲ್ಲ. ಲೈಸೆನ್ಸ್ ಸಣ್ಣವರ ಆಯುಧ ಎಂಬುದನ್ನೂ ‘ಯಾರು ಕೇಳ್ತಾರೆ’ ಎಂಬ ಮಾತು ಮರೆಸುತ್ತದೆ. 2003ರಲ್ಲಿ ಲಿಂಕ್‌ಸಿಸ್ ರೌಟರಿನೊಳಗೆ ಜಿಪಿಎಲ್ ಕೋಡು ಇದೆಯೆಂದು ಹವ್ಯಾಸಿಗಳು ಪತ್ತೆಹಚ್ಚಿ ಪಟ್ಟು ಹಿಡಿದಾಗ, ಆ ಕಂಪನಿಯನ್ನು ಆಗಷ್ಟೇ ಕೊಂಡಿದ್ದ ಸಿಸ್ಕೊ ಸೋರ್ಸ್ ಕೋಡು ಬಿಡಬೇಕಾಯಿತು. ಅದರಿಂದ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಹುಟ್ಟಿತು. ಕೊಟ್ಟೂರಿನ ಹುಡುಗಿ ಬರೆದ ಕನ್ನಡ ಕಾಗುಣಿತ ತಿದ್ದುಕವನ್ನು ನಾಳೆ ದೊಡ್ಡ ಕಂಪನಿ ಒಯ್ದರೆ ಅವಳ ಕೈಯಲ್ಲಿರುವ ಏಕೈಕ ಹಿಡಿ ಲೈಸೆನ್ಸ್. ಇತರರ ಲೈಸೆನ್ಸಿಗೆ ಬೆಲೆಯಿಲ್ಲ ಎಂದು ಅವಳಿಗೆ ಕಲಿಸಿದವರು ಆ ಹಿಡಿಯನ್ನೂ ಮುರಿದಿರುತ್ತಾರೆ.

ಸರ್ಕಾರದ ಮಾತು ಒಂದಿಷ್ಟು. ಭಾರತ ಸರ್ಕಾರ 2015ರಲ್ಲಿ ಓಪನ್ ಸೋರ್ಸ್ ಬಳಕೆಯ ನೀತಿಯನ್ನೂ ಸರ್ಕಾರಿ ತಂತ್ರಾಂಶಗಳ ಸೋರ್ಸ್ ಕೋಡು ತೆರೆದಿಡುವ ನೀತಿಯನ್ನೂ ಹೊರಡಿಸಿತು. ಆದರೂ ಜನರ ತೆರಿಗೆಯಲ್ಲಿ ಮಾಡಿಸಿದ ಫಾಂಟು, ಪದಪಟ್ಟಿ, ಆ್ಯಪುಗಳನ್ನು ವೇದಿಕೆಯ ಮೇಲೆ ‘ಲೋಕಾರ್ಪಣೆ’ ಮಾಡುವಾಗ ಅದರೊಂದಿಗೆ ಲೈಸೆನ್ಸ್ ಕಡತವೊಂದು ಇದೆಯೇ ಎಂದು ಯಾರೂ ಕೇಳುವುದಿಲ್ಲ. ಲೋಕಾರ್ಪಣೆ ಎಂಬ ಪದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಯಾವ ಅರ್ಥವೂ ಇಲ್ಲ. ಹೂವಿನಹಡಗಲಿಯ ಶಾಲಾ ಶಿಕ್ಷಕರೊಬ್ಬರು ಅಂಥ ಫಾಂಟನ್ನು ತಮ್ಮ ಪಾಠದ ಆ್ಯಪಿನೊಳಗೆ ಸೇರಿಸಿ ಹಂಚಬಹುದೇ ಎಂಬುದಕ್ಕೆ ಉತ್ತರ ಭಾಷಣದಲ್ಲಿ ಸಿಗುವುದಿಲ್ಲ, 28ನೇ ಕಲಮಿನಲ್ಲಿ ಸಿಗುತ್ತದೆ. ಸರ್ಕಾರಿ ಕೃತಿಗೆ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು. 2025ರಲ್ಲಿ ಲೈಸೆನ್ಸಿಲ್ಲದೆ ಬಿಡುಗಡೆಯಾದ ಸರ್ಕಾರಿ ಫಾಂಟನ್ನು ಕೇಳದೆ ಹಂಚಲು ಆ ಶಿಕ್ಷಕರು 2085ರ ಡಿಸೆಂಬರ್ 31 ದಾಟುವವರೆಗೆ ಕಾಯಬೇಕು.